ಥೇಮ್ಸ್ ನದೀತೀರದ ರಾತ್ರಿಯೂ ಛಾಯಾಗ್ರಾಹಕನ ಕೈಯೂ

ತಮಸ್ಸೆಂಬುದು ಒಂದು ದ್ರವ್ಯವೇ, ಅಥವಾ ತೇಜಸ್ಸಿನ ಅಭಾವಮಾತ್ರವೇ ಎಂಬ ವಾದವು ನಮ್ಮ ಶಾಸ್ತ್ರಕಾರರಲ್ಲಿ ಬಹುಕಾಲದಿಂದ ನಡೆದುಬಂದುದಾಗಿದೆ. ಕತ್ತಲೆಯು ಕಪ್ಪಾಗಿ ಕಾಣುತ್ತದೆ, ದೀಪವು ಮುಂದೆ ಹೋದಂತೆ ತಾನೂ ಸರಿಯುತ್ತದೆ. ರೂಪವೂ ಚಲನೆಯೂ ಉಳ್ಳದ್ದು ದ್ರವ್ಯವಾಗಿರಲೇಬೇಕು ಎಂಬುದು ಭಾಟ್ಟ ಮೀಮಾಂಸಕರ ಪಕ್ಷ. ಬೆಳಕಿಲ್ಲದಿರುವಿಕೆಯೇ ಕತ್ತಲೆ, ಅದರ ಬಣ್ಣವೂ ಓಟವೂ ಭ್ರಾಂತಿ ಎಂಬುದು ನೈಯಾಯಿಕರ ಪಕ್ಷ. ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಈ ವಾದವನ್ನು ಉರು ಹೊಡೆದವರಿಗೆ, ಇದು ಲೋಕವ್ಯವಹಾರಕ್ಕೆ ಸಲ್ಲದ ಒಣಚರ್ಚೆಯೆಂದು ತೋರುವುದು ಸಹಜ. ಆದರೆ ಛಾಯಾಗ್ರಹಣದ ಚರಿತ್ರೆಯನ್ನು ಓದಿದರೆ, ಆ ಕಲೆಯವರು ನ್ಯಾಯವೈಶೇಷಿಕಗಳ ಹೆಸರನ್ನೇ ಕೇಳದೆ ಇದೇ ವಾದವನ್ನು ಬಹುಕಾಲ ತಮ್ಮ ಫಲಕಗಳ ಮೇಲೆ ನಡೆಸಿದರೆಂಬುದು ಗೊತ್ತಾಗುತ್ತದೆ. ಮೊದಲಿನವರಿಗೆ ಕತ್ತಲೆಯು ಕಲ್ಲಿನ ಗೋಡೆಯಂತೆ ಎದುರು ನಿಂತ ದ್ರವ್ಯವಾಗಿದ್ದಿತು; ಇಂದಿನವರಿಗೆ ಅದು ಲೆಕ್ಕದಿಂದ ತುಂಬಿಬಿಡಬಹುದಾದ ಬರಿಯ ಅಭಾವ.

ಈ ಚರಿತ್ರೆಯನ್ನು ಹೇಳುವುದಕ್ಕೆ ಒಂದೇ ಸ್ಥಳವನ್ನು ಹಿಡಿಯುವುದು ಲೇಸು. ಲಂಡನ್ ನಗರದ ಥೇಮ್ಸ್ ನದಿಯ ದಡವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣಗಳು ಎರಡು. ರಾತ್ರಿಯ ದೀಪಗಳ ಪ್ರತಿಯೊಂದು ಯುಗವೂ ಆ ದಡದಲ್ಲಿ ತನ್ನ ಗುರುತನ್ನು ಬಿಟ್ಟುಹೋಗಿದೆ. ಮತ್ತು ನದಿಯ ದಕ್ಷಿಣ ದಡದಲ್ಲಿ, ಪಾರ್ಲಿಮೆಂಟ್ ಭವನಕ್ಕೆ ಅನತಿದೂರದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ, 2015ನೆಯ ನವೆಂಬರ್ 14ರಂದು ನಮ್ಮ ಬಸವೇಶ್ವರರ ಪ್ರತಿಮೆಯು ಸ್ಥಾಪಿತವಾದಂದಿನಿಂದ, ಕನ್ನಡಿಗರ ಕೈಯ ಕ್ಯಾಮೆರಾಗಳೂ ಆ ತೀರಕ್ಕೆ ಹೋಗತೊಡಗಿವೆ. ಸಂಜೆಯ ಮೇಲೆ ಅಲ್ಲಿ ತೆಗೆದ ಚಿತ್ರಗಳು ಕ್ಷಣಮಾತ್ರದಲ್ಲಿ ನಮ್ಮ ಊರುಗಳ ಮನೆಗಳನ್ನು ತಲಪುತ್ತವೆ. ಮುಕ್ಕಾಲಿಯಿಲ್ಲದೆ, ಬರಿಯ ಕೈಯಲ್ಲಿ ಹಿಡಿದು, ರಾತ್ರಿಯ ನದಿಯನ್ನು ಚಿತ್ರಿಸುವ ಈ ಸೌಲಭ್ಯವು ಎಷ್ಟು ಕಷ್ಟದಿಂದ ಮನುಷ್ಯನಿಗೆ ದಕ್ಕಿತೆಂಬುದನ್ನೂ, ಅದು ದಕ್ಕಿದ ಮೇಲೆ ಕೈತಪ್ಪಿ ಹೋಗಬಹುದಾದದ್ದು ಏನೆಂಬುದನ್ನೂ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ದಡದ ಮಾತು. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಲಂಡನ್ನಿನ ಥೇಮ್ಸ್ ತೀರವು ಕೆಸರು, ಮರದ ಕಟ್ಟೆಗಳು, ಚರಂಡಿಯ ಬಾಯಿಗಳು ಇವುಗಳಿಂದ ಕೂಡಿದ್ದಿತು. 1858ರ ಬೇಸಿಗೆಯಲ್ಲಿ ನದಿಯ ದುರ್ಗಂಧವು ಪಾರ್ಲಿಮೆಂಟಿನ ಸದಸ್ಯರ ಮೂಗಿಗೇ ಮುಟ್ಟಿದ ಮೇಲೆ, ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರನಿಗೆ ನಗರದ ಒಳಚರಂಡಿಗಳನ್ನು ಕಟ್ಟುವ ಕಾರ್ಯವು ಒಪ್ಪಿಸಲ್ಪಟ್ಟಿತು. ಆತನು ನದಿಯ ಪಾತ್ರದಿಂದ ನೆಲವನ್ನು ಗೆದ್ದು, ವೆಸ್ಟ್‌ಮಿನ್‌ಸ್ಟರಿನಿಂದ ಬ್ಲ್ಯಾಕ್‌ಫ್ರೈಯರ್ಸ್ ವರೆಗೆ ಸುಮಾರು ಒಂದೂಕಾಲು ಮೈಲಿ ಉದ್ದದ ಶಿಲೆಯ ದಡವನ್ನು ಕಟ್ಟಿಸಿದನು. ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಎಂಬ ಹೆಸರಿನ ಆ ದಡವು 1870ನೆಯ ಜುಲೈ 13ರಂದು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಮೀನುಗಳು ಬಾಲವನ್ನು ಮೇಲೆತ್ತಿ ಸುತ್ತಿಕೊಂಡಿರುವಂತೆ ಜಾರ್ಜ್ ವಲ್ಯಾಮಿ ಎಂಬ ಶಿಲ್ಪಿಯು ರಚಿಸಿದ ದೀಪಸ್ತಂಭಗಳು ಇಂದಿಗೂ ಆ ಗೋಡೆಯ ಮೇಲೆ ಸಾಲಾಗಿ ನಿಂತಿವೆ.

ದೀಪಗಳ ಕಥೆ ಇದಕ್ಕಿಂತ ಹಳೆಯದು. ಕಲ್ಲಿದ್ದಲಿನ ಅನಿಲದ ದೀಪವು 1813ರ ಡಿಸೆಂಬರ್ 31ರಂದು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಉರಿಯಿತು. ಅಂದಿನಿಂದ ನದಿಗೆ ರಾತ್ರಿಯಲ್ಲಿ ಎರಡು ಸಾಲು ದೀಪಗಳಾದವು: ಮೇಲೆ ಉರಿಯುವುದೊಂದು, ನೀರಿನಲ್ಲಿ ನಡುಗುವುದೊಂದು. ನೀರಿನಲ್ಲಿ ಕಾಣುವ ದೀಪವು ಏಕೆ ಉದ್ದನೆಯ ಕಂಬದಂತಿರುತ್ತದೆ? ನೀರು ನಿಶ್ಚಲವಾಗಿದ್ದರೆ ದೀಪಕ್ಕೆ ಒಂದೇ ಪ್ರತಿಬಿಂಬ. ಆದರೆ ಅಲೆಯೊಂದೊಂದೂ ಬೇರೆಬೇರೆ ಓರೆಯುಳ್ಳ ಸಣ್ಣ ಕನ್ನಡಿ. ದೀಪಕ್ಕೂ ನೋಡುವವನಿಗೂ ನಡುವೆ ಇರುವ ಆ ಕನ್ನಡಿಗಳಲ್ಲಿ ಸರಿಯಾದ ಓರೆಯುಳ್ಳವು ಎಲ್ಲವೂ ಅದೇ ದೀಪವನ್ನು ತೋರಿಸುತ್ತವೆ. ಆದುದರಿಂದ ಬಿಂಬವು ನೋಡುವವನ ಕಡೆಗೆ ನೀಳವಾಗಿ ಹರಿದುಬರುತ್ತದೆ. ರಾತ್ರಿಯ ಚಿತ್ರಕಾರರನ್ನು ನದೀತೀರವು ಬೇರೆಲ್ಲ ಬೀದಿಗಳಿಗಿಂತ ಹೆಚ್ಚಾಗಿ ಸೆಳೆದುದಕ್ಕೆ ಇದೇ ಕಾರಣ. ಬಡ ಬೆಳಕನ್ನು ನೀರು ಇಮ್ಮಡಿಗೊಳಿಸುತ್ತದೆ. ಅದರ ಮೇಲೆ ಥೇಮ್ಸ್ ಸಮುದ್ರದ ಉಬ್ಬರಕ್ಕೆ ಒಳಪಟ್ಟ ನದಿ. ಲಂಡನ್ ಸೇತುವೆಯ ಬಳಿ ನೀರಿನ ಮಟ್ಟವು ಏಳು ಮೀಟರುಗಳಷ್ಟು ಏರಿಳಿಯುವುದುಂಟು. ಆದುದರಿಂದ ಅದರ ಮುಖವು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ.

ಈ ಚರಿತ್ರೆಯಲ್ಲಿ 1878ನೆಯ ಇಸವಿಯನ್ನು ನೆನಪಿನಲ್ಲಿಡತಕ್ಕದ್ದು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಗತಿಗಳು ಆ ವರ್ಷ ಕೂಡಿಬಂದವು.

ಮೊದಲನೆಯದು ಒಂದು ವ್ಯಾಜ್ಯ. ವಿಸ್ಲರ್ ಎಂಬ ಅಮೆರಿಕಾ ದೇಶದ ವರ್ಣಚಿತ್ರಕಾರನು ಲಂಡನ್ನಿನಲ್ಲಿ ನೆಲಸಿ, 1870ರ ದಶಕದಲ್ಲಿ ಥೇಮ್ಸಿನ ರಾತ್ರಿಗಳನ್ನು ಚಿತ್ರಿಸಿದನು. ಗ್ರೀವ್ಸ್ ಎಂಬ ದೋಣಿಗಾರ ಸೋದರರು ಆತನನ್ನು ಕತ್ತಲೆಯಲ್ಲಿ ನದಿಯ ಮೇಲೆ ಒಯ್ಯುವರು. ಆತನು ದೃಶ್ಯವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಮನೆಗೆ ಬಂದು ನೆನಪಿನಿಂದ ಬಣ್ಣ ಹಾಕುವನು. ಆ ಚಿತ್ರಗಳಲ್ಲಿ ಸೇತುವೆಯ ಕಂಬ, ನಾಲ್ಕಾರು ದೀಪ, ನೀಲಿಯ ಮಬ್ಬು ಇವಿಷ್ಟೇ. ಖ್ಯಾತ ವಿಮರ್ಶಕನಾದ ರಸ್ಕಿನ್ನನು ಇವುಗಳಲ್ಲೊಂದನ್ನು ಕಟುವಾಗಿ ನಿಂದಿಸಲು, ವಿಸ್ಲರನು ಮಾನನಷ್ಟದ ದಾವೆ ಹೂಡಿದನು. 1878ರ ನವೆಂಬರಿನಲ್ಲಿ ವಿಚಾರಣೆ ನಡೆದು, ರಾತ್ರಿಯ ಚಿತ್ರಗಳು ಸಾಕ್ಷಿಗಳಾಗಿ ನ್ಯಾಯಾಸ್ಥಾನಕ್ಕೆ ಬಂದವು. ವಿಸ್ಲರನು ಗೆದ್ದನು, ಆದರೆ ಪರಿಹಾರವೆಂದು ದೊರೆತದ್ದು ಒಂದು ಫಾರ್ದಿಂಗು, ಎಂದರೆ ಒಂದು ಪೆನ್ನಿಯ ಕಾಲುಭಾಗ. ಮರುವರ್ಷ ಆತನು ದಿವಾಳಿಯಾದನು. ಕತ್ತಲೆಯನ್ನು ಕತ್ತಲೆಯಾಗಿಯೇ ತೋರಿಸಿದವನಿಗೆ ಲೋಕವು ಕಟ್ಟಿದ ಬೆಲೆ ಅದು.

ಎರಡನೆಯದು, ಅದೇ ವರ್ಷದ ಡಿಸೆಂಬರಿನಲ್ಲಿ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟಿನ ಮೇಲೆ ವಿದ್ಯುದ್ದೀಪಗಳು ಹೊತ್ತಿಕೊಂಡುದು. ಇವು ಯಾಬ್ಲೋಚ್ಕೋವ್ ಎಂಬ ರಷ್ಯಾ ದೇಶದವನು ಕಂಡುಹಿಡಿದ ಚಾಪದೀಪಗಳು; ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ತು ಹಾರಿ ಉರಿಯತಕ್ಕವು. ವೆಚ್ಚವು ತಾಳದೆ 1884ರಲ್ಲಿ ಆ ದಡವು ಮತ್ತೆ ಅನಿಲದೀಪಕ್ಕೇ ಮರಳಿತು. ಆದರೂ ರಾತ್ರಿಯ ನದಿಯ ಮೇಲೆ ಬಿಳಿಯ ಬೆಳಕು ಬಿದ್ದುದನ್ನು ಜನ ನೋಡಿಯಾಗಿದ್ದಿತು.

ಮೂರನೆಯದು ಅಷ್ಟಾಗಿ ಜನರ ಕಣ್ಣಿಗೆ ಬೀಳದ್ದು. ರಿಚರ್ಡ್ ಮ್ಯಾಡಕ್ಸ್ ಎಂಬ ವೈದ್ಯನು 1871ರಲ್ಲಿ ಜಿಲೆಟಿನ್ ಲೇಪಿಸಿದ ಒಣಫಲಕದ ಕ್ರಮವನ್ನು ಪ್ರಕಟಿಸಿದ್ದನಷ್ಟೆ. ಆ ಲೇಪವನ್ನು ದಿನಗಟ್ಟಲೆ ಬೆಚ್ಚಗಿಟ್ಟರೆ ಅದರ ಗ್ರಹಣಶಕ್ತಿಯು ಬಹುವಾಗಿ ಹೆಚ್ಚುವುದೆಂದು ಚಾರ್ಲ್ಸ್ ಬೆನೆಟ್ ಎಂಬಾತನು 1878ರಲ್ಲಿ ತೋರಿಸಿದನು. 1838ರಲ್ಲಿ ಡಾಗೇರನು ಪ್ಯಾರಿಸ್ಸಿನ ಹೆದ್ದಾರಿಯೊಂದನ್ನು ಹಾಡುಹಗಲಲ್ಲಿ ಚಿತ್ರಿಸಿದಾಗ, ಫಲಕವನ್ನು ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕಾಗಿ, ನಡೆದಾಡುವವರೆಲ್ಲ ಮಾಯವಾಗಿ, ಪಾದರಕ್ಷೆಗೆ ಹೊಳಪು ಹಾಕಿಸಿಕೊಳ್ಳುತ್ತ ನಿಂತವನೊಬ್ಬನು ಮಾತ್ರ ಉಳಿದಿದ್ದನು. ಬೆನೆಟ್ಟನ ಫಲಕಕ್ಕೆ ಹಗಲಿನಲ್ಲಿ ಒಂದು ಸೆಕೆಂಡಿನ ಅಲ್ಪಭಾಗವೇ ಸಾಕಾಯಿತು. ಹೀಗೆ ಕ್ಯಾಮೆರಾ ಮುಕ್ಕಾಲಿಯಿಂದ ಇಳಿದು ಮನುಷ್ಯನ ಕೈಗೆ ಬಂದಿತು. ಆದರೆ ಹಗಲಿನಲ್ಲಿ ಮಾತ್ರ.

ಹಗಲಿಗೂ ರಾತ್ರಿಗೂ ಇರುವ ಈ ಅಂತರವನ್ನು ಒಬ್ಬನ ಜೀವನದಲ್ಲಿಯೇ ನೋಡಬಹುದು. ಪಾಲ್ ಮಾರ್ಟಿನ್ ಎಂಬಾತನು 1864ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಲಂಡನ್ನಿಗೆ ಬಂದು, ಮರದ ಅಚ್ಚು ಕೊರೆಯುವ ವೃತ್ತಿಯನ್ನು ಕಲಿತವನು. ಕಾಗದದ ಪೊಟ್ಟಣದಂತೆ ತೋರುವ ಕೈಕ್ಯಾಮೆರಾವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಬೀದಿಯ ಬಡಜನರನ್ನೂ ಕಡಲತೀರದ ವಿಹಾರಿಗಳನ್ನೂ ಅವರರಿಯದಂತೆ ಚಿತ್ರಿಸಿ ಹೆಸರುಪಡೆದನು. ಕೈಯಲ್ಲಿ ಹಿಡಿದು ಚಿತ್ರ ತೆಗೆಯುವ ವಿದ್ಯೆಯಲ್ಲಿ ಆತನು ಆಚಾರ್ಯಪುರುಷನೇ ಸರಿ. ಅಂತಹವನು 1895-96ರಲ್ಲಿ ಲಂಡನ್ನಿನ ರಾತ್ರಿಯನ್ನು ಹಿಡಿಯಲು ಹೊರಟಾಗ, ತನ್ನ ಪೊಟ್ಟಣವನ್ನು ಮನೆಯಲ್ಲಿಟ್ಟು, ಮುಕ್ಕಾಲಿಯನ್ನು ಹೊತ್ತು ನಡೆಯಬೇಕಾಯಿತು. ಮಳೆ ಬಿದ್ದ ರಾತ್ರಿ ಎಂಬ್ಯಾಂಕ್‌ಮೆಂಟಿನ ನೆಲವೆಲ್ಲ ನೀರಾಗಿ, ದೀಪದ ಸಾಲು ಕಲ್ಲುಹಾಸಿನ ಮೇಲೆಯೇ ಪ್ರತಿಬಿಂಬಿಸುವ ಆತನ ಚಿತ್ರವು ಇಂದಿಗೂ ಪ್ರಸಿದ್ಧ. ಈ ಚಿತ್ರಮಾಲೆಗಾಗಿ 1896ರಲ್ಲಿ ಇಂಗ್ಲೆಂಡಿನ ರಾಜಛಾಯಾಗ್ರಹಣ ಸಂಘವು ಆತನಿಗೆ ಪದಕವನ್ನಿತ್ತಿತು. ಅದೇ ದಶಕದಲ್ಲಿ ಸ್ಟೀಗ್ಲಿಟ್ಸನು ನ್ಯೂಯಾರ್ಕಿನಲ್ಲಿ ಇದೇ ಪ್ರಯತ್ನವನ್ನು ಮಾಡಿದನು.

ಅವರಿಗೆ ಎದುರಾದ ವಿಘ್ನಗಳು ಒಂದೆರಡಲ್ಲ. ದೀಪದ ತೀವ್ರಪ್ರಕಾಶವು ಲೇಪವನ್ನು ದಾಟಿ, ಗಾಜಿನ ಹಿಂಬದಿಗೆ ತಗುಲಿ ಹಿಂದಿರುಗಿ, ದೀಪದ ಸುತ್ತ ದೊಡ್ಡದೊಂದು ಪ್ರಭಾವಳಿಯನ್ನು ಮೂಡಿಸುತ್ತಿದ್ದಿತು. ಗಾಜಿನ ಬೆನ್ನಿಗೆ ಕಪ್ಪುಬಣ್ಣವನ್ನು ಬಳಿಯುವುದೇ ಅದಕ್ಕೆ ಔಷಧ. ದೀಪ ಹೊತ್ತ ಗಾಡಿಯು ಎದುರು ಬಂದರೆ ಫಲಕದ ಮೇಲೆ ಬಿಳಿಯ ಗೆರೆ. ಆಗ ಮಸೂರಕ್ಕೆ ಏನನ್ನಾದರೂ ಅಡ್ಡ ಹಿಡಿದು ಗಾಡಿ ದಾಟಿದ ಮೇಲೆ ತೆರೆಯಬೇಕು. ಮತ್ತೂ ಒಂದು ತೊಡಕನ್ನು ಜರ್ಮನಿಯ ಖಗೋಳಜ್ಞನಾದ ಶ್ವಾರ್ಜ್‌ಶಿಲ್ಡನು ಆ ಶತಮಾನದ ಕೊನೆಯಲ್ಲಿ ವಿವರಿಸಿದನು: ಬೆಳಕು ಅರ್ಧವಾದರೆ ಕಾಲವನ್ನು ಇಮ್ಮಡಿ ಮಾಡಿದರಾಯಿತೆಂಬ ಲೆಕ್ಕವು ಬಹು ಮಂದವಾದ ಬೆಳಕಿನಲ್ಲಿ ಸಲ್ಲದು, ಫಲಕವು ಸೋಮಾರಿಯಾಗುತ್ತದೆ, ಇಮ್ಮಡಿಗಿಂತಲೂ ಹೆಚ್ಚು ಕಾಲವನ್ನು ಬೇಡುತ್ತದೆ. ಇಷ್ಟನ್ನು ಗೆದ್ದರೂ, ಚಿತ್ರದಲ್ಲಿ ಕಲ್ಲು, ಕಂಬ, ಸೇತುವೆ, ದೀಪಗಳು ಉಳಿಯುವುವೇ ಹೊರತು ನಡೆಯುವ ಮನುಷ್ಯನೂ ತೇಲುವ ದೋಣಿಯೂ ಉಳಿಯಲಿಲ್ಲ. ನದಿಯ ಅಲೆಗಳು ಒಂದರ ಮೇಲೊಂದು ಬಿದ್ದು, ಸಮೆದು, ನೀರು ಸಾಣೆ ಹಿಡಿದ ಗಾಜಿನಂತಾಯಿತು. ಚಂಚಲವಾದದ್ದೆಲ್ಲ ಅಳಿದು ಸ್ಥಿರವಾದದ್ದು ಮಾತ್ರ ನಿಂತ ನಗರವದು. ವೇದಾಂತಿಗೆ ಅದು ಸಂತೋಷದ ವಿಷಯವಾದೀತು, ಚರಿತ್ರಕಾರನಿಗಲ್ಲ. ನಗರವೆಂದರೆ ಅದರಲ್ಲಿ ಓಡಾಡುವ ಜನರೇ ಅಲ್ಲವೆ?

ಹಾಗಾದರೆ ಕೈಯಲ್ಲಿ ಹಿಡಿದರೆ ಕೆಡುವುದೇನು? ಮನುಷ್ಯನ ಕೈಯು ಎಷ್ಟೇ ಗಟ್ಟಿಯಾಗಿದ್ದರೂ ಒಂದು ಸೆಕೆಂಡಿಗೆ ಎಂಟರಿಂದ ಹನ್ನೆರಡು ಸಲ ಅತಿಸೂಕ್ಷ್ಮವಾಗಿ ನಡುಗುತ್ತಿರುತ್ತದೆ. ಇದು ರೋಗವಲ್ಲ, ದೇಹಧರ್ಮ. ಐವತ್ತು ಮಿಲಿಮೀಟರು ನಾಭಿದೂರದ ಮಸೂರವುಳ್ಳ ಕ್ಯಾಮೆರಾವು ಒಂದು ಡಿಗ್ರಿಯ ಹತ್ತನೆಯ ಒಂದು ಪಾಲು ವಾಲಿದರೆ, ಬಿಂಬವು ಫಲಕದ ಮೇಲೆ ಸುಮಾರು ಹನ್ನೆರಡನೆಯ ಒಂದು ಮಿಲಿಮೀಟರು ಜರುಗುತ್ತದೆ. ಆ ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿದರೆ ಜರುಗಿದ ಅಳತೆ 0.7 ಮಿಲಿಮೀಟರಾಗಿ ಕಣ್ಣಿಗೆ ಹೊಡೆಯುತ್ತದೆ. ದೂರದ ಒಂದೊಂದು ದೀಪವೂ ಹುಳುವಿನಂತೆ ಬಾಲ ಬೆಳೆಸುತ್ತದೆ. ಈ ಕಾರಣದಿಂದ, ಐವತ್ತು ಮಿಲಿಮೀಟರಿನ ಮಸೂರಕ್ಕೆ ಐವತ್ತನೆಯ ಒಂದು ಸೆಕೆಂಡಿಗಿಂತ ಹೆಚ್ಚು ಕಾಲವನ್ನು ಕೈಯ ಮೇಲೆ ನಂಬಬಾರದೆಂಬ ಸೂತ್ರವು ಆ ಕಸುಬಿನವರಲ್ಲಿ ರೂಢಿಯಾಯಿತು. ನುರಿತವರು ಮೊಣಕೈಗಳನ್ನು ಪಕ್ಕೆಗೆ ಒತ್ತಿ, ದಡದ ಕಲ್ಲುಗೋಡೆಗೋ ದೀಪದ ಕಂಬಕ್ಕೋ ಒರಗಿ, ಉಸಿರನ್ನು ಮೆಲ್ಲನೆ ಹೊರಗೆ ಬಿಟ್ಟು ನಿಲ್ಲಿಸಿದ ಕ್ಷಣದಲ್ಲಿ ಗುಂಡಿಯನ್ನು ಒತ್ತುವರು. ಪ್ರಾಣಾಯಾಮವನ್ನು ಬಲ್ಲವರು ಇದನ್ನು ಬಾಹ್ಯಕುಂಭಕವೆಂದು ಗುರುತಿಸಿಯಾರು. ಇಂತಹವರಿಗೆ ಹದಿನೈದನೆಯ ಒಂದು ಸೆಕೆಂಡಿನವರೆಗೂ ಕೈ ಒದಗಿಬರಬಹುದು. ಆದರೆ ಅನಿಲದೀಪದ ನದೀತೀರವು ಬೇಡಿದ್ದು ನಿಮಿಷಗಳನ್ನು.

ಈ ಅಂತರವನ್ನು ಕಿರಿದುಮಾಡಲು ಇದ್ದ ಮಾರ್ಗಗಳು ಮೂರು: ಮಸೂರದ ಬಾಯನ್ನು ಹಿಗ್ಗಿಸುವುದು, ಲೇಪದ ಗ್ರಹಣಶಕ್ತಿಯನ್ನು ಹೆಚ್ಚಿಸುವುದು, ದಡದ ಮೇಲೆಯೇ ಹೆಚ್ಚು ದೀಪಗಳನ್ನು ಉರಿಸುವುದು. ಮೂರೂ ಇಪ್ಪತ್ತನೆಯ ಶತಮಾನದಲ್ಲಿ ನಡೆದವು.

1924ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಎರ್ನೆಮನ್ ಕಾರ್ಖಾನೆಯವರು ಎರ್ಮಾನಾಕ್ಸ್ ಎಂಬ ಸಣ್ಣ ಕ್ಯಾಮೆರಾವನ್ನು ಹೊರತಂದರು. ಲುಡ್ವಿಗ್ ಬೆರ್ಟೆಲೆ ಎಂಬ ತರುಣನು ಅದಕ್ಕೆ ರಚಿಸಿದ ಮಸೂರದ ಬಾಯಿಯ ವ್ಯಾಸವು ನಾಭಿದೂರದ ಅರ್ಧದಷ್ಟಿದ್ದಿತು. ಎಂದರೆ, ಆ ಕಸುಬಿನ ಭಾಷೆಯಲ್ಲಿ, ಎಫ್ 2. ಎರಿಚ್ ಸಾಲೊಮನ್ ಎಂಬ ವಕೀಲನು ಈ ಕ್ಯಾಮೆರಾದಿಂದ ನ್ಯಾಯಾಸ್ಥಾನಗಳ ಒಳಗೂ, ಮಂತ್ರಿಗಳ ರಾತ್ರಿಸಭೆಗಳಲ್ಲಿಯೂ, ಸಿಡಿಮದ್ದಿನ ಬೆಳಕಿಲ್ಲದೆ ಇದ್ದ ದೀಪದಲ್ಲಿಯೇ ಚಿತ್ರ ತೆಗೆದು ಯೂರೋಪನ್ನು ಬೆರಗುಗೊಳಿಸಿದನು. ಯಹೂದ್ಯನಾದ ಆತನು 1944ರಲ್ಲಿ ಆಶ್‌ವಿಟ್ಸ್ ಶಿಬಿರದಲ್ಲಿ ಹತನಾದನೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಓಸ್ಕರ್ ಬಾರ್ನಾಕನ ಲೈಕಾ ಕ್ಯಾಮೆರಾ ಮಾರಾಟಕ್ಕೆ ಬಂದಿತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಸುರುಳಿಯ ಫಿಲ್ಮಿನದು. ಆದರೆ ಅದರ ಮೊದಲ ಮಸೂರವು ಎಫ್ 3.5 ಮಾತ್ರವಾಗಿ, ಎಫ್ 2ರ ಮೂರನೆಯ ಒಂದು ಪಾಲು ಬೆಳಕನ್ನಷ್ಟೇ ಒಳಗೆ ಬಿಡುತ್ತಿದ್ದಿತು. ಹೀಗೆ ಒಂದರಲ್ಲಿ ಕೈಗೆ ಒಗ್ಗುವ ಶರೀರ, ಮತ್ತೊಂದರಲ್ಲಿ ರಾತ್ರಿಗೆ ಒಗ್ಗುವ ಕಣ್ಣು. 1932ರಲ್ಲಿ ಬಂದ ಕಾಂಟಾಕ್ಸ್ ಕ್ಯಾಮೆರಾಕ್ಕೆ ಅದೇ ಬೆರ್ಟೆಲೆಯು ಎಫ್ 1.5 ಮಸೂರವನ್ನು ರಚಿಸಿದ ಮೇಲೆ ಎರಡೂ ಒಂದಾದವು.

ದಡವೂ ಸುಮ್ಮನಿರಲಿಲ್ಲ. 1931ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ದೀಪಸಮ್ಮೇಳನವು ನೆರೆದಾಗ, ನಗರದ ಪ್ರಮುಖ ಕಟ್ಟಡಗಳ ಮೇಲೆ ಪ್ರವಾಹದೀಪಗಳನ್ನು ಹರಿಸಿದರು. ಕಟ್ಟಡವೇ ಬೆಳಕಾಗಿ ಕಾಣುವ ಆ ದೃಶ್ಯವನ್ನು ನೋಡಲು ಜನಸಾಗರವೇ ನೆರೆಯಿತೆನ್ನುವರು. ಮರುವರ್ಷದ ಡಿಸೆಂಬರಿನಲ್ಲಿ ಬ್ರಸ್ಸಾಯಿ ಎಂಬಾತನ ಪ್ಯಾರಿಸ್ ರಾತ್ರಿಗಳ ಪುಸ್ತಕವು ಪ್ರಕಟವಾಯಿತು. ಸೇನ್ ನದಿಯ ಸೇತುವೆಗಳ ಕೆಳಗೆ ಮುಕ್ಕಾಲಿಯನ್ನು ನಿಲ್ಲಿಸಿ, ಫಲಕವನ್ನು ಎಷ್ಟು ಹೊತ್ತು ತೆರೆದಿಡಬೇಕೆಂಬುದನ್ನು ಸಿಗರೇಟು ಉರಿದು ಮುಗಿಯುವ ಕಾಲದಿಂದ ಅಳೆಯುತ್ತಿದ್ದ ಪುಣ್ಯಾತ್ಮನವನು. ಅದನ್ನು ಮಾದರಿಯಾಗಿಟ್ಟುಕೊಂಡು ಬಿಲ್ ಬ್ರಾಂಟ್ ಎಂಬಾತನು 1938ರಲ್ಲಿ ಲಂಡನ್ನಿನ ರಾತ್ರಿಯ ಪುಸ್ತಕವನ್ನು ಹೊರತಂದನು.

ಅಷ್ಟರಲ್ಲಿ ಯುದ್ಧವು ಬಂದಿತು. 1939ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ದೀಪಗಳೆಲ್ಲ ಆರಿದವು. ಕಿಟಕಿಗಳಿಗೆ ಕಪ್ಪು ಬಟ್ಟೆ, ವಾಹನಗಳ ದೀಪಗಳಿಗೆ ಮುಸುಕು. 1813ರಿಂದ ಎರಡು ಸಾಲಾಗಿ ಉರಿದ ದೀಪಗಳಲ್ಲಿ ಒಂದು ಸಾಲೂ ಉಳಿಯಲಿಲ್ಲ. ಆದರೆ ಮನುಷ್ಯನ ಆಜ್ಞೆಗೆ ದೀಪವು ಆರಬಹುದೇ ಹೊರತು ನದಿಯು ಆರುವುದಿಲ್ಲ. ಬೆಳದಿಂಗಳಿನಲ್ಲಿ ಥೇಮ್ಸಿನ ಬಾಗುಬಳುಕುಗಳು ಬೆಳ್ಳಿಯ ನೂಲಿನಂತೆ ಹೊಳೆದು, ಆಕಾಶದಲ್ಲಿ ಬರುವ ವೈರಿಯ ವಿಮಾನಗಳಿಗೆ ದಾರಿಯನ್ನು ತೋರಿದವು. ಚಿತ್ರಕಾರರನ್ನು ಯಾವ ಗುಣದಿಂದ ಆಕರ್ಷಿಸಿತ್ತೋ ಅದೇ ಗುಣದಿಂದ ನದಿಯು ತನ್ನ ನಗರವನ್ನು ಹಿಡಿದುಕೊಟ್ಟಿತು. ಹುಣ್ಣಿಮೆಯೆಂದರೆ ಲಂಡನ್ನಿನ ತಾಯಂದಿರು ಹೆದರುವಂತಾಯಿತು. ಬ್ರಾಂಟನು ಈ ಕತ್ತಲೆಯ ನಗರವನ್ನು ಬರಿಯ ಬೆಳದಿಂಗಳಿನಲ್ಲಿ, ಮುಕ್ಕಾಲಿಯ ಮೇಲೆ, ನಿಮಿಷಗಟ್ಟಲೆ ಫಲಕವನ್ನು ತೆರೆದಿಟ್ಟು ಚಿತ್ರಿಸಿದನು. ಹುಣ್ಣಿಮೆಯ ಬೆಳಕು ಸೂರ್ಯನ ಬೆಳಕಿನ ಸುಮಾರು ನಾಲ್ಕು ಲಕ್ಷದ ಒಂದು ಪಾಲೆಂಬುದನ್ನು ಎಣಿಸಿದರೆ ಆತನ ತಾಳ್ಮೆಯು ಅರ್ಥವಾದೀತು. 1940ರ ಡಿಸೆಂಬರ್ 29ರ ರಾತ್ರಿ ಬೆಂಕಿಯ ಬಾಂಬುಗಳು ನಗರದ ಮೇಲೆ ಸುರಿದಾಗ, ಥೇಮ್ಸ್ ಇಳಿತದಲ್ಲಿದ್ದು, ಬೆಂಕಿ ಆರಿಸುವವರ ಕೊಳವೆಗಳಿಗೆ ನೀರೇ ಎಟುಕದಾಯಿತು. ಆ ರಾತ್ರಿ ಹರ್ಬರ್ಟ್ ಮೇಸನ್ ಎಂಬ ಪತ್ರಿಕಾ ಛಾಯಾಗ್ರಾಹಕನು ತನ್ನ ಕಾರ್ಯಾಲಯದ ಮಾಳಿಗೆಯ ಮೇಲೆ ನಿಂತು, ಹೊಗೆಯ ನಡುವೆ ಎದ್ದು ನಿಂತ ಸಂತ ಪಾಲರ ದೇವಾಲಯದ ಗುಮ್ಮಟವನ್ನು ಉರಿಯುವ ಊರಿನ ಬೆಳಕಿನಲ್ಲಿಯೇ ಚಿತ್ರಿಸಿದನು. ಬ್ರಾಂಟನ ಕತ್ತಲೆ, ಮೇಸನನ ಬೆಂಕಿ ಇವೆರಡೂ ಆ ವರ್ಷಗಳಿಗೆ ಎರಡು ಸಾಕ್ಷಿಗಳು. ಇದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಯುದ್ಧಾನಂತರದ ಕಥೆಯನ್ನು ಬೇಗ ಹೇಳಬಹುದು. 1951ರಲ್ಲಿ ದಕ್ಷಿಣ ದಡದ ಮೇಲೆ ನಡೆದ ಬ್ರಿಟನ್ ಮಹೋತ್ಸವದಲ್ಲಿ ನದಿಗೆ ಮತ್ತೆ ದೀಪಗಳು ಬಂದವು. ಆ ದಶಕದಲ್ಲಿ ಶೀಘ್ರಗ್ರಾಹಿಯಾದ ಫಿಲ್ಮುಗಳು ಸಾಮಾನ್ಯರ ಕೈಗೆಟುಕಿ, ದೀಪಗಳಿಂದ ತುಂಬಿದ ದಡವನ್ನು ಎಫ್ 2ರ ಮಸೂರದಿಂದ ಮೂವತ್ತನೆಯ ಒಂದು ಸೆಕೆಂಡಿನಲ್ಲಿ ಹಿಡಿಯುವುದು ಸಾಧ್ಯವಾಯಿತು. ಚಿತ್ರವು ಮರಳುಮರಳಾದರೂ ಅದರಲ್ಲಿ ಮನುಷ್ಯನಿದ್ದನು. ಸೇತುವೆಯ ಕಟಾಂಜನಕ್ಕೆ ಒರಗಿದ ದಂಪತಿಗಳಿದ್ದರು. ಅಲೆಯು ಅಲೆಯಾಗಿಯೇ ಇದ್ದಿತು. 1969ರಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ಬೆಳಕನ್ನು ವಿದ್ಯುತ್ತಾಗಿ ಎಣಿಸಬಲ್ಲ ಸಿಲಿಕಾನ್ ಬಿಲ್ಲೆಯನ್ನು ಕಲ್ಪಿಸಿ, 2009ರಲ್ಲಿ ನೊಬೆಲ್ ಪಾರಿತೋಷಕದ ಪಾಲುದಾರರಾದರು. 1995ರಲ್ಲಿ ಕ್ಯಾನನ್ ಸಂಸ್ಥೆಯು ಕೈಯ ನಡುಕವನ್ನು ಅರಿತು ಅದಕ್ಕೆ ವಿರುದ್ಧವಾಗಿ ಒಳಗಿನ ಗಾಜನ್ನು ಸರಿಸುವ ಮಸೂರವನ್ನು ತನ್ನ ಕ್ಯಾಮೆರಾಗಳಿಗೆ ಒದಗಿಸಿತು. ಇಂತಹ ಯಂತ್ರಗಳು ಬೆಳೆದಂತೆ ಹಿಂದಿನ ಹದಿನಾರು ಪಟ್ಟು ಕಾಲವನ್ನೂ ಕೈಯ ಮೇಲೆ ನಂಬುವಂತಾಯಿತು.

ಆದರೆ ನಿಜವಾದ ವಿಪರ್ಯಾಸವು 2018ರದು. ಆ ವರ್ಷದ ನವೆಂಬರಿನಲ್ಲಿ ಗೂಗಲ್ ಸಂಸ್ಥೆಯು ತನ್ನ ಪಿಕ್ಸೆಲ್ ದೂರವಾಣಿಗಳಿಗೆ ನೈಟ್ ಸೈಟ್ ಎಂಬ ರಾತ್ರಿದೃಷ್ಟಿಯನ್ನು ಕೊಟ್ಟಿತು. ಮರುವರ್ಷ ಆಪಲ್ ಸಂಸ್ಥೆಯ ಐಫೋನಿಗೂ ಅಂತಹುದೇ ಬಂದಿತು. ಇದರ ಕ್ರಮವೇನೆಂದರೆ: ಗುಂಡಿಯನ್ನು ಒಮ್ಮೆ ಒತ್ತಿದರೆ ಯಂತ್ರವು ಒಂದಲ್ಲ, ಹದಿನೈದರವರೆಗೂ ಚಿತ್ರಗಳನ್ನು ತೆಗೆಯುತ್ತದೆ, ಕೈಯಲ್ಲಿ ಹಿಡಿದಾಗ ಒಂದೊಂದಕ್ಕೂ ಹೆಚ್ಚೆಂದರೆ ಮೂರನೆಯ ಒಂದು ಸೆಕೆಂಡು. ಅನಂತರ ಅವುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡಿಸಿ ಸರಾಸರಿ ತೆಗೆಯುತ್ತದೆ. ಹದಿನಾರು ಚಿತ್ರಗಳ ಸರಾಸರಿಯಲ್ಲಿ ಮರಳಿನಂತಹ ಕಲಬೆರಕೆಯು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದೆಂಬುದು ಗಣಿತಸಿದ್ಧ. ಇಷ್ಟೇ ಅಲ್ಲ. ಕೈಯು ನಡುಗುವುದರಿಂದ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಬಿಲ್ಲೆಯ ಒಂದು ಕಣಕ್ಕೂ ಇನ್ನೊಂದಕ್ಕೂ ನಡುವೆ ತಪ್ಪಿಹೋಗುತ್ತಿದ್ದ ವಿವರವು ಆ ವ್ಯತ್ಯಾಸದಿಂದ ಸಿಕ್ಕುತ್ತದೆ. ಇದನ್ನು ಆ ಸಂಸ್ಥೆಯ ಶೋಧಕರು 2019ರಲ್ಲಿ ವಿವರವಾಗಿ ಪ್ರಕಟಿಸಿದರು. ಯಾವ ನಡುಕವನ್ನು ಅಡಗಿಸಲು ಮಾರ್ಟಿನ್ನನು ಮುಕ್ಕಾಲಿಯನ್ನು ಹೊತ್ತನೋ, ಮತ್ತೊಬ್ಬನು ಉಸಿರನ್ನು ಕಟ್ಟಿದನೋ, ಆ ನಡುಕವೇ ಈಗ ಉಪಕರಣವಾಯಿತು. ದೋಷವೇ ಗುಣವಾದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಆಲಂಕಾರಿಕರೂ ಕೊಡಲಾರರು. 2019ರಲ್ಲಿ ನಾಲ್ಕು, 2021ರ ಹೊತ್ತಿಗೆ ಒಟ್ಟು ಒಂಬತ್ತು ಥೇಮ್ಸ್ ಸೇತುವೆಗಳಿಗೆ ಲಿಯೋ ವಿಲ್ಲರಿಯಲ್ ಎಂಬ ಕಲಾವಿದನು ಮೆಲ್ಲನೆ ಬಣ್ಣ ಬದಲಿಸುವ ಎಲ್‌ಇಡಿ ದೀಪಗಳನ್ನು ಅಳವಡಿಸಿದನು. ದಡವೂ ಯಂತ್ರವೂ ಹೀಗೆ ಒಂದನ್ನೊಂದು ಎದುರುಗೊಂಡವು.

ಇಲ್ಲಿಗೆ ಚರಿತ್ರೆ ಮುಗಿದು ವಿಚಾರವು ಮೊದಲಾಗುತ್ತದೆ. ಮಂದಾಂಧಕಾರದಲ್ಲಿ ಬಿದ್ದ ಹಗ್ಗವನ್ನು ಹಾವೆಂದು ತಿಳಿಯುವ ದೃಷ್ಟಾಂತವು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬೆಳಕು ಸಾಲದಿದ್ದಾಗ ಕಣ್ಣು ಇಲ್ಲದ್ದನ್ನು ಕಲ್ಪಿಸುತ್ತದೆ. ರಾತ್ರಿದೃಷ್ಟಿಯ ಯಂತ್ರವೂ ಬೆಳಕು ಸಾಲದಲ್ಲಿ ಕೆಲಸಮಾಡುವುದೇ. ಅದು ಹಲವು ನೋಟಗಳನ್ನು ಕೂಡಿಸಿ, ಕೊರತೆಯನ್ನು ಊಹೆಯಿಂದ ತುಂಬುತ್ತದೆ. ಆದುದರಿಂದ ಅದರ ಚಿತ್ರವು ಪ್ರತ್ಯಕ್ಷವೆನ್ನುವುದಕ್ಕಿಂತ, ಪ್ರತ್ಯಕ್ಷವೂ ಅನುಮಾನವೂ ಬೆರೆತ ಪ್ರಮಾಣವೆನ್ನುವುದು ಯುಕ್ತ. ಅನುಮಾನವೂ ಪ್ರಮಾಣವೇ ಹೌದು. ಆದರೆ ಅನುಮಾನವನ್ನು ಪ್ರತ್ಯಕ್ಷವೆಂದು ತಿಳಿಯುವುದು ಭ್ರಮೆ. ಆ ಯಂತ್ರವನ್ನು ರಚಿಸಿದವರೂ ಈ ಸಂಕಟವನ್ನು ಅರಿತಿದ್ದರು. ರಾತ್ರಿಯ ಚಿತ್ರವು ಹಗಲಿನಂತೆ ಕಂಡರೆ ನೋಡುವವನು ಕಾಲವನ್ನೇ ತಪ್ಪಿ ತಿಳಿಯುವನೆಂದು, 1766ರಲ್ಲಿ ಜೋಸೆಫ್ ರೈಟ್ ಎಂಬ ಇಂಗ್ಲಿಷ್ ಚಿತ್ರಕಾರನು ದೀಪದ ಸುತ್ತ ಕುಳಿತವರನ್ನು ಬರೆದ ಚಿತ್ರವನ್ನು ಉದಾಹರಿಸಿ, ನೆರಳುಗಳನ್ನು ನೆರಳಾಗಿಯೇ ಬಿಡುವ ಕ್ರಮವನ್ನು ತಮ್ಮ ಲೆಕ್ಕದಲ್ಲಿ ಸೇರಿಸಿದರು. ಯಂತ್ರಶಿಲ್ಪಿಗಳು ಕತ್ತಲೆಯ ವಿಷಯದಲ್ಲಿ ಪ್ರಾಚೀನ ಕುಂಚದವನ ಶಿಷ್ಯರಾದುದು ಪ್ರಶಂಸನೀಯವೇ ಸರಿ. ಆದರೆ ಎಷ್ಟು ಬೆಳಕು, ಎಷ್ಟು ಕತ್ತಲೆ ಎಂಬ ನಿರ್ಣಯವು ಆಗ ಅಲ್ಲಿ ನಿಂತು ನೋಡಿದವನದಾಗದೆ, ಎಲ್ಲಿಯೋ ಕುಳಿತು ಮೊದಲೇ ಲೆಕ್ಕ ಬರೆದವನದಾಯಿತು.

ಇದರಿಂದ ಏನು ನಷ್ಟವೆಂದು ಕೇಳುವವರಿಗೆ, ಮೇಲೆ ನೆನಪಿಡಲು ಹೇಳಿದ ಬ್ರಾಂಟನ ಚಿತ್ರಗಳೇ ಉತ್ತರ. 1939ರ ಲಂಡನ್ನಿನಲ್ಲಿ ಕತ್ತಲೆಯೇ ಮುಖ್ಯವಾದ ಸಂಗತಿ, ಅದೇ ಚರಿತ್ರೆ. ಆ ದಡದ ಮೇಲೆ ಇಂದಿನ ಯಂತ್ರವೊಂದನ್ನು ಹಿಡಿದಿದ್ದರೆ, ಅದು ಪ್ರತಿಯೊಂದು ಕಿಟಕಿಯನ್ನೂ ಕಂಬವನ್ನೂ ವಿಶದವಾಗಿ ತೋರಿಸಿ, ಕತ್ತಲೆಯೊಂದನ್ನು ಮಾತ್ರ ಅಳಿಸಿಬಿಡುತ್ತಿದ್ದಿತು. ಹತ್ತು ಹೆಜ್ಜೆಯ ಆಚೆಗೆ ಕಾಣದೆ ತಡವರಿಸಿ ನಡೆದ ಜನರ ಭಯಕ್ಕೆ ಆ ಚಿತ್ರದಲ್ಲಿ ಸಾಕ್ಷಿಯೇ ಇರುತ್ತಿರಲಿಲ್ಲ. ಎಲ್ಲವನ್ನೂ ತೋರಿಸುವ ಚಿತ್ರವು ಸುಳ್ಳು ಹೇಳದೆಯೇ ಸತ್ಯವನ್ನು ಮರೆಸಬಲ್ಲದು. ಈ ಅರ್ಥದಲ್ಲಿ ಚರಿತ್ರಕಾರನು ಮೀಮಾಂಸಕನ ಪಕ್ಷವನ್ನು ಹಿಡಿಯಬೇಕು: ಕತ್ತಲೆಯು ಬರಿಯ ಅಭಾವವಲ್ಲ, ದಾಖಲೆಗೆ ಸೇರತಕ್ಕ ವಸ್ತು.

ಹಾಗೆಂದು ಹಿಂದಕ್ಕೆ ಹೋಗಿ ಮುಕ್ಕಾಲಿಯನ್ನು ಹೊರಬೇಕೆಂದು ನಾನು ಹೇಳುವುದಿಲ್ಲ. ಕೈಯಲ್ಲಿ ಹಿಡಿದ ಯಂತ್ರವು ರಾತ್ರಿಯ ದಡಕ್ಕೆ ಮನುಷ್ಯನನ್ನು ಮರಳಿ ಕರೆತಂದಿತು; ಮಾರ್ಟಿನ್ನನ ಫಲಕದಲ್ಲಿ ಮಾಯವಾಗುತ್ತಿದ್ದ ದಾರಿಹೋಕನಿಗೆ ಈಗ ಮುಖವಿದೆ. ಅದು ಸಣ್ಣ ಲಾಭವಲ್ಲ. ಬೇಕಾದದ್ದು ವಿವೇಕ. ದೂರದೇಶದಲ್ಲಿರುವ ನಮ್ಮ ಮಕ್ಕಳು ಬಸವೇಶ್ವರರ ಪ್ರತಿಮೆಯ ಎದುರು ನಿಂತು ರಾತ್ರಿಯಲ್ಲಿ ಚಿತ್ರ ತೆಗೆದರೆ, ಯಂತ್ರವು ಕೊಟ್ಟ ಪ್ರಖರವಾದ ಚಿತ್ರದೊಡನೆ, ರಾತ್ರಿದೃಷ್ಟಿಯನ್ನು ಆರಿಸಿ ತೆಗೆದ ಒಂದು ಮಬ್ಬುಚಿತ್ರವನ್ನೂ ಇಟ್ಟುಕೊಳ್ಳಲಿ. ತೆಗೆದ ದಿನ, ಗಂಟೆ, ಸ್ಥಳಗಳನ್ನು ಬರೆದಿಡಲಿ. ಅಂದು ಬರಿಗಣ್ಣಿಗೆ ನೀರು ಎಷ್ಟು ಕಂಡಿತೆಂಬುದನ್ನು ಒಂದು ವಾಕ್ಯದಲ್ಲಿ ಸೇರಿಸಲಿ. ನಮ್ಮ ಊರುಗಳ ಕೆರೆಯ ಏರಿಯ ಮೇಲೆಯೂ ಹೊಳೆಯ ಸೋಪಾನಗಳ ಮೇಲೆಯೂ ತೆಗೆಯುವ ಚಿತ್ರಗಳಿಗೂ ಇದೇ ನಿಯಮವು ಸಲ್ಲತಕ್ಕದ್ದು. ನಮ್ಮಂತಹ ಜಿಲ್ಲಾ ಸಂಘಗಳು ನಾಳೆ ಇವುಗಳನ್ನು ಸಂಗ್ರಹಿಸುವ ಕಾಲ ಬಂದಾಗ, ದೀಪವಿದ್ದ ರಾತ್ರಿ ಯಾವುದು, ದೀಪವಿಲ್ಲದ ರಾತ್ರಿ ಯಾವುದು ಎಂಬುದನ್ನು ಚಿತ್ರಗಳಿಂದ ತಿಳಿಯಲಾಗದೆ ಹೋಗಬಹುದು; ಆ ಒಂದು ವಾಕ್ಯದಿಂದ ತಿಳಿದೀತು. ಅಲಮತಿವಿಸ್ತರೇಣ.